ದುಡ್ಡು ಇದೆ, ಫೈಲ್ ಇಲ್ಲ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಂಘಟಕರು ಫೋನ್ ಮಾಡಿ, "ಸಾಫ್ಟ್‌ವೇರ್ ಬಗ್ಗೆ, ಎಐ ಬಗ್ಗೆ ಏನಾರ ಹೇಳ್ರಿ, ಹುಡುಗ್ರಿಗೆ ಸ್ಫೂರ್ತಿ ಸಿಗಲಿ" ಅಂದರು. ನಾನು ಬೇರೆ ವಿಷಯ ಕೇಳಿಕೊಂಡೆ. ನಮ್ಮ ಪಂಚಾಯ್ತಿಗಳು, ನಮ್ಮ ಪಾಲಿಕೆ, ನಮ್ಮ ಕ್ಯಾಂಪಿನ ಕಂಟೋನ್ಮೆಂಟ್ ಬೋರ್ಡು, ಇವು ನೀರು ಉಳಿಸುವ, ಕಸ ವಿಲೇವಾರಿ ಮಾಡುವ, ಕರೆಂಟ್ ಖರ್ಚು ಇಳಿಸುವ, ಅತಿಮಳೆ ತಡೆದುಕೊಳ್ಳುವ ಕೆಲಸಗಳಿಗೆ ಹಣ ಎಲ್ಲಿಂದ ತರಬೇಕು ಅನ್ನುವುದು ನನ್ನ ವಿಷಯ. ಊಟದ ಹೊತ್ತಿಗೆ ಮೊದಲು ಇಂಥ ವಿಷಯ ಇಟ್ಟದ್ದಕ್ಕೆ ಕ್ಷಮೆ ಇರಲಿ. ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತೇನೆ. ನಾನು ಸೋತ ಕಥೆಯಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಕಲಿತದ್ದೆಲ್ಲ ಅಲ್ಲಿಯೇ.

2020ರಲ್ಲಿ ಕೋವಿಡ್ ಬಂದಾಗ ನಾನು ಬೆಂಗಳೂರು ಬಿಟ್ಟು ಕ್ಯಾಂಪಿನ ಮನೆಗೆ ಬಂದೆ. ಸುಮಾರು ಎರಡು ವರ್ಷ ಇಲ್ಲಿಂದಲೇ ಕೆಲಸ. ಶನಿವಾರ, ರವಿವಾರ ಬೈಕ್ ಹತ್ತಿ ಖಾನಾಪುರ ತಾಲ್ಲೂಕಿನ ನಮ್ಮ ಮಾಮಾನ ಊರಿಗೆ ಹೋಗುತ್ತಿದ್ದೆ. ಜಾಂಬೋಟಿ ಕಡೆಯ ಊರು. ಆ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗುವುದಿಲ್ಲ. ಸ್ವಲ್ಪ ಮುಂದೆ ಹೋದರೆ ಕಣಕುಂಬಿಯಲ್ಲಿ ಮಲಪ್ರಭಾ ಹುಟ್ಟುತ್ತಾಳೆ. ಮಹದಾಯಿ ಹುಟ್ಟುವುದೂ ಇದೇ ತಾಲ್ಲೂಕಿನ ಕಾಡಿನಲ್ಲಿ. ಎರಡು ನದಿಗಳ ತವರುಮನೆ. ಅಂಥ ಊರಿನಲ್ಲಿ ಏಪ್ರಿಲ್ ಎರಡನೆಯ ವಾರಕ್ಕೆ ಬಾವಿ ತಳ ಕಾಣುತ್ತಿತ್ತು. ಜಂಬಿಟ್ಟಿಗೆ ನೆಲ, ಇಳಿಜಾರು ಗುಡ್ಡ. ಬಿದ್ದ ಮಳೆ ನಿಲ್ಲುವುದಿಲ್ಲ, ಹಳ್ಳ ಹಿಡಿದು ಹೋಗುತ್ತದೆ. ನಮ್ಮ ಮಾಮಿ ಬೆಳಗಿನ ನಾಲ್ಕೂವರೆಗೆ ಎದ್ದು, ಎಲ್ಲರಿಗಿಂತ ಮೊದಲು ಬಾವಿಯ ಮೆಟ್ಟಿಲಿಳಿದು ಕೊಡ ತುಂಬಿಸುತ್ತಿದ್ದಳು. ತಡವಾದರೆ ಕೆಸರು ನೀರು.

ನಾನು ಬಿಇ ಓದಿದವನು. ನೋಡಿಕೊಂಡು ಸುಮ್ಮನಿರಲು ಆಗುತ್ತದೆಯೇ? ಬೆಂಗಳೂರಿನ ಮೂವರು ಗೆಳೆಯರನ್ನು ಸೇರಿಸಿದೆ. 22 ಸ್ಲೈಡ್‌ಗಳ ಪ್ರೆಸೆಂಟೇಶನ್ ತಯಾರಾಯಿತು. ಹೆಸರು "ಹವಾಮಾನ ಸಹಿಷ್ಣು ಗ್ರಾಮ". ಬಾವಿಯ ನೀರಿನ ಮಟ್ಟ ಮೊಬೈಲಿನಲ್ಲಿ ಕಾಣುವ ಹಾಗೆ ಒಂದು ಆ್ಯಪ್ ಕೂಡ ಮಾಡಿದೆವು. ಬಾವಿಯಲ್ಲಿ ನೀರಿಲ್ಲ ಅನ್ನುವುದು ಮಾಮಿಗೆ ಆ್ಯಪ್ ಇಲ್ಲದೆಯೂ ಗೊತ್ತಿತ್ತು, ಅದು ಬೇರೆ ಮಾತು. ಇಂಟರ್‌ನೆಟ್ಟಿನಲ್ಲಿ ಹುಡುಕಿ, "ಹವಾಮಾನ" ಅಂತ ಹೆಸರಿರುವ ಪ್ರತಿ ನಿಧಿಗೂ, ಕೆಲವು ಕಂಪನಿಗಳ ಸಿಎಸ್‌ಆರ್ ವಿಭಾಗಕ್ಕೂ ಕಳಿಸಿದೆ. ಹೆಚ್ಚಿನವರಿಂದ ಉತ್ತರವಿಲ್ಲ. ಒಬ್ಬರು ಮಾತ್ರ ನಾಲ್ಕು ಪ್ರಶ್ನೆ ಕೇಳಿ ಬರೆದರು. ಜಾಗದ ಸರ್ವೇ ನಂಬರ್ ಯಾವುದು? ಗ್ರಾಮಸಭೆಯ ಠರಾವು ಇದೆಯೇ? ಪಂಚಾಯ್ತಿಯ ಈ ವರ್ಷದ ಯೋಜನೆಯಲ್ಲಿ ಈ ಕೆಲಸ ಸೇರಿದೆಯೇ? ಮುಗಿದ ಮೇಲೆ ನಿರ್ವಹಣೆ ಯಾರದು? ನನ್ನ 22 ಸ್ಲೈಡ್‌ಗಳಲ್ಲಿ ಈ ನಾಲ್ಕರಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ.

ಆಮೇಲೆ ಸರಿಯಾದ ದಾರಿ ಹಿಡಿಯೋಣ ಎಂದು ಪಂಚಾಯ್ತಿ ಮೂಲಕವೇ ಹಳೆಯ ಕೆರೆಯ ಹೂಳು ತೆಗೆಯುವ, ಮೇಲಿನ ಗುಡ್ಡದಲ್ಲಿ ಇಂಗುಗುಂಡಿ ತೋಡುವ ಅಂದಾಜು ಪತ್ರಿಕೆ ಮಾಡಿಸಿದೆವು. ಓಡಾಡಿದ್ದೇ ಓಡಾಡಿದ್ದು. ಹದಿನಾಲ್ಕನೆಯ ತಿಂಗಳು ಯಾರೋ ಉತಾರ ಕೇಳಿದರು. ತೆಗೆಸಿ ನೋಡಿದರೆ, ಕೆರೆಯ ಮೇಲಿನ ಅರ್ಧ ಜಾಗ ದಾಖಲೆಯಲ್ಲಿ ಅರಣ್ಯ. ಫೈಲ್ ವಾಪಸ್ ಬಂತು. ಇದರಲ್ಲಿ ಯಾರ ತಪ್ಪೂ ಇಲ್ಲ. ಉತಾರ ತೆಗೆಸುವುದು ಮೊದಲ ದಿನದ ಕೆಲಸ. ಅದನ್ನು ನಾನು ಹದಿನಾಲ್ಕನೆಯ ತಿಂಗಳಿಗೆ ಮಾಡಿದೆ. ಮರುವರ್ಷ ಏಪ್ರಿಲ್‌ನಲ್ಲಿ ಮಾಮಿ ಅದೇ ಬಾವಿಯ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಈಗ ಕೋಲು ಹಿಡಿದು ನಡೆಯುತ್ತಾಳೆ. ನನ್ನನ್ನು ಬೈಯಲಿಲ್ಲ. "ನಿನ್ನ ಕಂಪ್ಯೂಟರ್ ಕೆಲ್ಸ ಏನಾತಪಾ?" ಅಂತ ಆಸ್ಪತ್ರೆಯ ಹಾಸಿಗೆ ಮೇಲೆ ಮಲಗಿ ಕೇಳಿದಳು, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನನಗೆ ತಿಳಿದದ್ದನ್ನು ಈಗ ಹೇಳುತ್ತೇನೆ.

ಮೊದಲನೆಯದು, ನಮ್ಮ ಹಂತದಲ್ಲಿ ಹಣ "ಹವಾಮಾನ" ಎಂಬ ಹೆಸರಿನಲ್ಲಿ ಬರುವುದು ತೀರಾ ಕಡಿಮೆ. ಕುಡಿಯುವ ನೀರು, ನೈರ್ಮಲ್ಯ, ಬೀದಿದೀಪ ಎಂಬ ಹಳೆಯ ಹೆಸರುಗಳಲ್ಲಿಯೇ ಬರುತ್ತದೆ. 15ನೇ ಹಣಕಾಸು ಆಯೋಗವನ್ನೇ ತೆಗೆದುಕೊಳ್ಳಿ. 2021ರಿಂದ 2026ರವರೆಗಿನ ಐದು ವರ್ಷಕ್ಕೆ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ಅದು ಶಿಫಾರಸು ಮಾಡಿದ್ದು 2,36,805 ಕೋಟಿ ರೂಪಾಯಿ. ನಗರಗಳಿಗೆ 1,21,055 ಕೋಟಿ. ಪಂಚಾಯ್ತಿಗಳ ಪಾಲಿನಲ್ಲಿ ಶೇ. 60ರಷ್ಟು ನಿರ್ಬಂಧಿತ ಅನುದಾನ, ಅಂದರೆ ಬೇರೆ ಕಡೆ ಖರ್ಚು ಮಾಡುವಂತಿಲ್ಲ. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ. ಇನ್ನರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ನೀರಿನ ಮರುಬಳಕೆಗೆ. ಗಮನಿಸಿ, ಮಳೆನೀರು ಕೊಯ್ಲು ಎಂಬ ಮಾತು ನಿಯಮದಲ್ಲೇ ಇದೆ. ನಾನು ದೆಹಲಿ, ಮುಂಬೈಗೆ ಇಮೇಲ್ ಬರೆಯುತ್ತಿದ್ದಾಗ ನನಗೆ ಬೇಕಾದ ಕೆಲಸದ ಹೆಸರು ಹೊತ್ತ ಹಣ ಮಾಮಾನ ಊರಿನ ಪಂಚಾಯ್ತಿಯ ಖಾತೆಗೇ ಬರುತ್ತಿತ್ತು. ಮಾಮಾ ಪಂಚಾಯ್ತಿ ಸದಸ್ಯ. ನಾನು ಅವನನ್ನು ಕೇಳಿರಲೇ ಇಲ್ಲ.

ಸ್ವಚ್ಛ ಭಾರತದ ಗ್ರಾಮೀಣ ಯೋಜನೆಯ ಎರಡನೆಯ ಹಂತದಲ್ಲಿಯೂ ಹೀಗೇ. 5,000 ಜನಸಂಖ್ಯೆಯ ಒಳಗಿನ ಊರಿಗೆ ಘನತ್ಯಾಜ್ಯಕ್ಕೆ ತಲೆಗೆ 60 ರೂಪಾಯಿ, ಬಚ್ಚಲು ನೀರಿನ ವ್ಯವಸ್ಥೆಗೆ ತಲೆಗೆ 280 ರೂಪಾಯಿ ತನಕ ಅವಕಾಶ ಇದೆ. 4,000 ಜನರ ಊರಾದರೆ ಬಚ್ಚಲು ನೀರಿಗೇ 11.2 ಲಕ್ಷ ಆಯಿತು. ಅದರಲ್ಲಿ ಶೇ. 30ರಷ್ಟನ್ನು ಪಂಚಾಯ್ತಿ ತನ್ನ ಹಣಕಾಸು ಆಯೋಗದ ಹಣದಿಂದ ಹಾಕಬೇಕು. ಎರಡು ಕೊಡದ ನೀರನ್ನು ಒಂದು ಹಂಡೆಗೆ ಸುರಿಯುವ ಹಾಗೆ ಎರಡು ಯೋಜನೆಯ ಹಣವನ್ನು ಒಂದು ಕೆಲಸಕ್ಕೆ ಜೋಡಿಸುವುದು ಇದು. ಕಚೇರಿಯಲ್ಲಿ ಇದಕ್ಕೆ ಒಗ್ಗೂಡಿಸುವಿಕೆ ಅನ್ನುತ್ತಾರೆ. ಮಾಡಬಹುದು ಅಂತ ಎಲ್ಲರಿಗೂ ಗೊತ್ತು. ಕಾಗದದ ಮೇಲೆ ಕೂತು ಜೋಡಿಸುವವರು ಬೇಕು, ಅಷ್ಟೆ.

ಎರಡನೆಯದು ಲೆಕ್ಕಪತ್ರ. ನನ್ನ ವೃತ್ತಿಯವರಿಗೆ ಇದು ಹತ್ತಿರದ ವಿಷಯ. ಹಣಕಾಸು ಆಯೋಗದ ಅನುದಾನ ಬರಬೇಕಾದರೆ ಹಿಂದಿನ ವರ್ಷದ ಲೆಕ್ಕ ಮತ್ತು ಅದಕ್ಕೂ ಹಿಂದಿನ ವರ್ಷದ ಲೆಕ್ಕಪರಿಶೋಧನೆ ಆನ್‌ಲೈನ್‌ನಲ್ಲಿ ಸಾರ್ವಜನಿಕರಿಗೆ ಸಿಗುವಂತಿರಬೇಕು ಎಂದು ಷರತ್ತು. ನಗರಗಳಿಗೆ ಇನ್ನೂ ಒಂದು ಷರತ್ತು, ಆಸ್ತಿ ತೆರಿಗೆಯ ಕನಿಷ್ಠ ದರ ನಿಗದಿ ಮಾಡಬೇಕು, ವಸೂಲಿ ವರ್ಷದಿಂದ ವರ್ಷಕ್ಕೆ ಏರಬೇಕು. ನಮ್ಮ ರಾಜ್ಯದ ಪಂಚಾಯ್ತಿಗಳಿಗೆ "ಪಂಚತಂತ್ರ" ಎಂಬ ತಂತ್ರಾಂಶ ಇದೆ, ಕೇಂದ್ರದ "ಇ-ಗ್ರಾಮ ಸ್ವರಾಜ್" ಇದೆ. ಒಂದೇ ಕೆಲಸದ ವಿವರ ಎರಡು ಕಡೆ ತುಂಬಬೇಕು, ಎರಡೂ ಕಡೆ ಹೊಂದಬೇಕು. ಪಿಡಿಓ ಒಬ್ಬರು, ಅವರ ತಲೆ ಮೇಲೆ ಮೂವತ್ತು ಕೆಲಸ. ನಾನು ಆ್ಯಪ್ ಬದಿಗಿಟ್ಟು ಮೂರು ರವಿವಾರ ಪಂಚಾಯ್ತಿ ಕಚೇರಿಯಲ್ಲಿ ಡೇಟಾ ಎಂಟ್ರಿ ಆಪರೇಟರ್ ಪಕ್ಕದಲ್ಲಿ ಕೂತೆ. ಹಳೆಯ ಕಾಮಗಾರಿಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಹಾಕಿ, ಎಲ್ಲಿ ಹೊಂದುತ್ತಿಲ್ಲ ಎಂದು ಬಣ್ಣ ಬಳಿದು ತೋರಿಸಿದೆ. ಸರಿಪಡಿಸಿದವರು ಅವರೇ. ಹತ್ತು ವರ್ಷದ ನೌಕರಿಯಲ್ಲಿ ನಾನು ಮಾಡಿದ ಅತಿ ಉಪಯುಕ್ತ ಸಾಫ್ಟ್‌ವೇರ್ ಕೆಲಸ ಅದೇ ಇರಬೇಕು. ಒಂದು ಸಾಲು ಕೋಡ್ ಬರೆಯಲಿಲ್ಲ.

ಮೂರನೆಯದು, ಪೋಲಾಗುತ್ತಿರುವುದನ್ನು ಉಳಿಸುವುದೂ ಹಣ ತಂದ ಹಾಗೆಯೇ. ಯಾವ ಪಂಚಾಯ್ತಿಗೆ ಬೇಕಾದರೂ ಹೋಗಿ ಕೇಳಿ, ನೀರಿನ ಮೋಟಾರ್ ಮತ್ತು ಬೀದಿದೀಪದ ಕರೆಂಟ್ ಬಿಲ್ ದೊಡ್ಡ ತಲೆನೋವು. ಹತ್ತನೇ ಇಯತ್ತೆಯ ಮಕ್ಕಳು ಈ ಲೆಕ್ಕ ಮಾಡಿ. ನೂರು ಹಳೆಯ ಟ್ಯೂಬ್‌ಲೈಟ್, ಚೋಕ್ ಸೇರಿ ಒಂದೊಂದು 50 ವ್ಯಾಟ್. ಬದಲಿಗೆ 20 ವ್ಯಾಟ್ ಎಲ್‌ಇಡಿ. ದೀಪಕ್ಕೆ 30 ವ್ಯಾಟ್ ಉಳಿತಾಯ. ರಾತ್ರಿ 11 ಗಂಟೆ, ವರ್ಷಕ್ಕೆ 365 ದಿನ. ಒಟ್ಟು 12,045 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ 72,270 ರೂಪಾಯಿ. ದೀಪ, ಫಿಟಿಂಗ್ ಸೇರಿ 1,800 ರೂಪಾಯಿ ಎಂದಿಟ್ಟುಕೊಂಡರೆ ಹಾಕಿದ 1.8 ಲಕ್ಷ ಎರಡೂವರೆ ವರ್ಷಕ್ಕೆ ವಾಪಸ್. ಅದರ ನಂತರದ್ದೆಲ್ಲ ಉಳಿತಾಯ. ಮೊದಲ ಖರ್ಚನ್ನು ಕಂಪನಿಯೇ ಹಾಕಿ, ಉಳಿತಾಯದಿಂದ ಕಂತಿನಲ್ಲಿ ತೆಗೆದುಕೊಳ್ಳುವ ಪದ್ಧತಿಯೂ ಇದೆ. 2015ರಲ್ಲಿ ಶುರುವಾದ ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮದಲ್ಲಿ ಕೇಂದ್ರದ ಇಇಎಸ್‌ಎಲ್ ಸಂಸ್ಥೆ ಎಷ್ಟೋ ನಗರಗಳಲ್ಲಿ ಮಾಡಿದ್ದು ಇದನ್ನೇ. ಆದರೆ ಒಂದು ಎಚ್ಚರ. ಮೀಟರ್ ಇಲ್ಲದಿದ್ದರೆ ಉಳಿತಾಯ ಎಷ್ಟೆಂದು ಯಾರು ಹೇಳಬೇಕು? ಎಷ್ಟೋ ಕಡೆ ಬೀದಿದೀಪಕ್ಕೆ ಸರಿಯಾದ ಮೀಟರೇ ಇರುವುದಿಲ್ಲ. ಮೊದಲು ಮೀಟರ್, ಆಮೇಲೆ ಕರಾರು.

ಇದೇ ಲೆಕ್ಕವನ್ನು ದೊಡ್ಡದಾಗಿ ಮಾಡಿ ಗೆದ್ದ ಒಂದು ಪಂಚಾಯ್ತಿ ತಮಿಳುನಾಡಿನ ಕೊಯಮತ್ತೂರು ಜಿಲ್ಲೆಯ ಓಡಂತುರೈ. ನೀರು ಸರಬರಾಜು ಹೆಚ್ಚಾದಂತೆ ಕರೆಂಟ್ ಬಿಲ್ಲೂ ಏರಿತು. ಅವರು ಮೊದಲು ಬೀದಿಗೆ ಸೋಲಾರ್ ದೀಪ ಹಾಕಿದರು, ಕಟ್ಟಿಗೆಯ ಅನಿಲದಿಂದ ಮೋಟಾರ್ ನಡೆಸಿ ನೋಡಿದರು. ನಂತರ 2006ರಲ್ಲಿ 350 ಕಿಲೋವ್ಯಾಟ್‌ನ ಗಾಳಿಯಂತ್ರವನ್ನೇ ಪಂಚಾಯ್ತಿ ಕೊಂಡಿತು. ಬೆಲೆ 1.55 ಕೋಟಿ. ಪಂಚಾಯ್ತಿಯ ಸ್ವಂತ ಉಳಿತಾಯ 40 ಲಕ್ಷ, ಬಾಕಿ 1.15 ಕೋಟಿ ಬ್ಯಾಂಕ್ ಸಾಲ. ಗಾಳಿಯಂತ್ರ ನಿಂತದ್ದು ಅವರ ಊರಿನಲ್ಲಲ್ಲ, ಗಾಳಿ ಚೆನ್ನಾಗಿ ಬೀಸುವ ಬೇರೆ ಜಾಗದಲ್ಲಿ. ತಮಗೆ ಬೇಕಾದ ಕರೆಂಟ್ ಇಟ್ಟುಕೊಂಡು ಹೆಚ್ಚಾದದ್ದನ್ನು ವಿದ್ಯುತ್ ಮಂಡಳಿಗೆ ಮಾರಿದರು, ಅದರಿಂದಲೇ ಸಾಲದ ಕಂತು ಕಟ್ಟಿದರು. ಜನ ಗಾಳಿಯಂತ್ರದ ಫೋಟೋ ನೋಡಿ ಬೆರಗಾಗುತ್ತಾರೆ. ನನಗೆ ಬೆರಗು ಆ 40 ಲಕ್ಷದ್ದು. ಕರ ವಸೂಲಿ ಮಾಡಿ, ಪೈಸೆಗೆ ಪೈಸೆ ಲೆಕ್ಕ ಇಟ್ಟು, ವರ್ಷಗಟ್ಟಲೆ ಉಳಿಸಿದ ಪಂಚಾಯ್ತಿಯನ್ನು ನೋಡಿ ಬ್ಯಾಂಕ್ ಸಾಲ ಕೊಟ್ಟಿತು. ಸವದತ್ತಿಯ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನಾವು ದಿನಾ ನೋಡುತ್ತೇವೆ. ಅವುಗಳಲ್ಲಿ ಒಂದಾದರೂ ನಮ್ಮ ಪಂಚಾಯ್ತಿಯದು ಆಗಿದ್ದರೆ ಎಂದು ಬಸ್ಸಿನಲ್ಲಿ ಹೋಗುವಾಗಲೆಲ್ಲ ಅನಿಸುತ್ತದೆ.

ಕೇರಳದ ವಯನಾಡಿನ ಮೀನಂಗಾಡಿ ಪಂಚಾಯ್ತಿಯದು ಮತ್ತೊಂದು ರೀತಿ. ಅಲ್ಲಿ ರೈತ ತನ್ನ ಹೊಲದ ಮರಗಳನ್ನು ಕಡಿಯದೆ ಅಡವಿಟ್ಟರೆ, ಮರಕ್ಕೆ ವರ್ಷಕ್ಕೆ 50 ರೂಪಾಯಿಯಂತೆ ಬಡ್ಡಿಯಿಲ್ಲದ ಸಾಲ. ರಾಜ್ಯ ಸರ್ಕಾರ ಕೊಟ್ಟ 10 ಕೋಟಿಯನ್ನು ಠೇವಣಿ ಇಟ್ಟು, ಅದರ ಬಡ್ಡಿಯಿಂದ ನಡೆಸುವ ಯೋಜನೆ. ಗೋವಾ ರಸ್ತೆ ಅಗಲ ಮಾಡುವಾಗ ಖಾನಾಪುರದ ಕಾಡಿನ ಮರಗಳು ಉರುಳಿದ್ದನ್ನು ಕಣ್ಣಾರೆ ಕಂಡ ನಮಗೆ ಈ ಸುದ್ದಿ ಹೊಟ್ಟೆಕಿಚ್ಚು ತರಿಸುತ್ತದೆ. ಹಾಗೆ ಉರುಳಿದ ಕಾಡಿಗೆ ಬದಲಾಗಿ ಕಟ್ಟುವ ಹಣ 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯಂತೆ ಒಂದು ನಿಧಿಗೆ ಸೇರುತ್ತದೆ. ಅದಕ್ಕೆ ಜನ ಕ್ಯಾಂಪಾ ನಿಧಿ ಅನ್ನುತ್ತಾರೆ. ನಮ್ಮ ಕ್ಯಾಂಪಿಗೂ ಅದಕ್ಕೂ ಸಂಬಂಧವಿಲ್ಲ. ನಾನು ಮೊದಲ ಸಲ ಕೇಳಿದಾಗ ಕಂಟೋನ್ಮೆಂಟಿನ ಯಾವುದೋ ನಿಧಿ ಅಂದುಕೊಂಡಿದ್ದೆ. ಅದು ಅರಣ್ಯ ಇಲಾಖೆಯ ಮೂಲಕ ಖರ್ಚಾಗುವ ಹಣ, ಪಂಚಾಯ್ತಿಯದಲ್ಲ. ಆದರೆ ನಮ್ಮ ಕೆರೆಯ ಮೇಲಿನ ಅರ್ಧ ಅರಣ್ಯ ಜಾಗ ಅಂತ ಆದ ಮೇಲೆ, ಅಲ್ಲಿ ಇಂಗುಗುಂಡಿ ಬೇಕಾದರೆ ಕದ ತಟ್ಟಬೇಕಾದದ್ದು ಆ ಇಲಾಖೆಯದು. ಪಂಚಾಯ್ತಿಯ ಬಾಗಿಲಲ್ಲಿ ನಿಂತು ಅಳುವುದರಲ್ಲಿ ಅರ್ಥ ಇರಲಿಲ್ಲ.

ಈಗ ಊರು ಬಿಟ್ಟು ನಗರಕ್ಕೆ ಬರೋಣ. ಬೆಳಗಾವಿಗೆ ದೊಡ್ಡ ಹಣ ತರುವ ಅನುಭವ ಇಲ್ಲದೇ ಇಲ್ಲ. 2004ರಲ್ಲಿ ವಿಶ್ವಬ್ಯಾಂಕ್ ಸಾಲದಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಾತ್ಯಕ್ಷಿಕೆ ಯೋಜನೆಗೆ ಮಂಜೂರಾತಿ ಸಿಕ್ಕಿತು. 2008ರ ಹೊತ್ತಿಗೆ ಆಯ್ದ ವಾರ್ಡುಗಳ ನಲ್ಲಿಗಳಲ್ಲಿ ಹಗಲೂ ರಾತ್ರಿ ನೀರು ಬಂತು. ಆಗ ನಮ್ಮ ಮನೆಗೆ ಬರುವ ನೆಂಟರು, "ಅವ್ರ ಓಣ್ಯಾಗ ಟಾಕಿನ ಬ್ಯಾಡಂತ" ಎಂದು ಬೇರೆ ದೇಶದ ಸುದ್ದಿಯ ಹಾಗೆ ಹೇಳುತ್ತಿದ್ದರು. ನಗರದ ಚಿಕ್ಕ ಭಾಗದಲ್ಲಿ ಆದದ್ದು ನಿಜ, ಉಳಿದವರು ವರ್ಷಗಟ್ಟಲೆ ಕಾದದ್ದೂ ನಿಜ. ಆದರೆ ಆ ಕೆಲವು ವಾರ್ಡುಗಳಲ್ಲಿ ಮನೆ ಮನೆಗೆ ಮೀಟರ್ ಹಾಕಿ, ಸೋರಿಕೆ ಅಳೆದು, ಲೆಕ್ಕ ತೋರಿಸಿದ್ದರಿಂದಲೇ 2016ರಲ್ಲಿ ಇಡೀ ನಗರಗಳಿಗೆ ವಿಸ್ತರಿಸುವ ಎರಡನೆಯ ಯೋಜನೆಗೆ 10 ಕೋಟಿ ಡಾಲರ್ ಸಾಲದ ದಾರಿ ತೆರೆಯಿತು ಎಂದು ನಾನು ತಿಳಿದಿದ್ದೇನೆ. ಅದೇ 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿ ಬಂತು. ಕರ್ನಾಟಕದಿಂದ ಎರಡೇ ಹೆಸರು, ಬೆಳಗಾವಿ ಮತ್ತು ದಾವಣಗೆರೆ. ಅದು ಚೀಟಿ ಎತ್ತಿ ಕೊಟ್ಟದ್ದಲ್ಲ, ನಗರಗಳು ಬರೆದ ಪ್ರಸ್ತಾವಗಳಿಗೆ ಅಂಕ ಹಾಕಿ ಆರಿಸಿದ್ದು. ಬಂದ ಹಣದಲ್ಲಿ ಯಾವ ರಸ್ತೆ ಎಷ್ಟು ಸಲ ಅಗೆದರು ಅನ್ನುವ ಚರ್ಚೆ ಊಟದ ಪಂಕ್ತಿಯಲ್ಲಿ ಮಾಡೋಣ. ಚೆನ್ನಾಗಿ ಬರೆದ ಅರ್ಜಿ ಗೆಲ್ಲುತ್ತದೆ ಅನ್ನುವುದಕ್ಕೆ ನಮ್ಮ ಊರೇ ಸಾಕ್ಷಿ.

ಸಾಲಪತ್ರದ ದಾರಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ದೇಶದಲ್ಲಿ ಮೊದಲು ಮುನಿಸಿಪಲ್ ಬಾಂಡ್ ತಂದದ್ದು 1997ರಲ್ಲಿ ಬೆಂಗಳೂರು ಪಾಲಿಕೆ, 125 ಕೋಟಿಗೆ. 2023ರ ಫೆಬ್ರವರಿಯಲ್ಲಿ ಇಂದೋರ್ ಪಾಲಿಕೆ ಸಾರ್ವಜನಿಕರಿಂದಲೇ ಹಸಿರು ಬಾಂಡ್ ಮೂಲಕ 244 ಕೋಟಿ ಎತ್ತಿತು. ನರ್ಮದಾ ನೀರು ಎತ್ತುವ ಕರೆಂಟ್ ಖರ್ಚು ತಗ್ಗಿಸಲು 60 ಮೆಗಾವ್ಯಾಟ್ ಸೋಲಾರ್ ಸ್ಥಾವರಕ್ಕೆ. ನಮಗೂ ಹಿಡಕಲ್‌ನಿಂದ, ರಕ್ಕಸಕೊಪ್ಪದಿಂದ ನೀರು ತರುವ ಖರ್ಚು ಇದೆ, ಹೋಲಿಕೆ ಸ್ಪಷ್ಟ. 2025-26ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ 1 ಲಕ್ಷ ಕೋಟಿಯ ನಗರ ಸವಾಲು ನಿಧಿಯೂ ಯೋಜನೆಯ ವೆಚ್ಚದ ಶೇ. 25ರ ತನಕ ಮಾತ್ರ ಕೊಡುತ್ತದೆ. ಕನಿಷ್ಠ ಅರ್ಧ ಹಣವನ್ನು ನಗರ ಬಾಂಡ್, ಬ್ಯಾಂಕ್ ಸಾಲ ಅಥವಾ ಖಾಸಗಿ ಪಾಲುದಾರಿಕೆಯಿಂದ ತರಬೇಕು. ಅಂದರೆ ಮುಂದಿನ ದಿನಗಳಲ್ಲಿ ಲೆಕ್ಕ ಚೊಕ್ಕಟ ಇರುವ ಊರಿಗೆ ಹಣ, ಇಲ್ಲದ ಊರಿಗೆ ಭಾಷಣ. ಇದು ನ್ಯಾಯವೇ ಎಂದು ಕೇಳಿದರೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಸಣ್ಣ, ಬಡ ಊರುಗಳಿಗೆ ಕಾಗದ ಮಾಡುವ ಶಕ್ತಿಯೇ ಕಡಿಮೆ, ಪ್ರವಾಹ ಮಾತ್ರ ಅವಕ್ಕೇ ಮೊದಲು ಬರುತ್ತದೆ. 2019ರ ಆಗಸ್ಟ್ ಮಳೆ ನೆನಪಿದೆಯಲ್ಲ? ಬಳ್ಳಾರಿ ನಾಲೆ ಉಕ್ಕಿದಾಗಲೆಲ್ಲ ಹೊಲ ಮುಳುಗುವುದು ಯಾರದು ಎಂದು ಶಹಾಪುರ, ವಡಗಾವಿ, ಯಳ್ಳೂರಿನ ರೈತರನ್ನು ಕೇಳಿ. ವಿಪತ್ತು ನಿಧಿಯಲ್ಲಿ ಶೇ. 80 ಪರಿಹಾರಕ್ಕೆ, ಶೇ. 20 ಮುಂಚಿತವಾಗಿ ಹಾನಿ ತಗ್ಗಿಸುವ ಕೆಲಸಕ್ಕೆ ಎಂದು 15ನೇ ಆಯೋಗ ವಿಂಗಡಿಸಿಟ್ಟಿದೆ. ಆ 20ರ ಬಾಗಿಲನ್ನು ಜಿಲ್ಲಾಡಳಿತದ ಮೂಲಕ ತಟ್ಟಬೇಕು, ಮಳೆ ಬರುವ ಮೊದಲು.

ಇನ್ನು ನಮ್ಮ ಕ್ಯಾಂಪ್. ಸ್ಮಾರ್ಟ್ ಸಿಟಿ ಪ್ರಸ್ತಾವ ಬರೆದದ್ದು ಪಾಲಿಕೆ. ನಾವು ಪಾಲಿಕೆಯಲ್ಲಿ ಇಲ್ಲ. ನಾವು ರಾಜ್ಯದಲ್ಲಿ ಉಳಿದಿರುವ ಒಂದೇ ಕಂಟೋನ್ಮೆಂಟಿನ ನಿವಾಸಿಗಳು, ರಕ್ಷಣಾ ಸಚಿವಾಲಯದ ಅಡಿಯಲ್ಲಿ. ಚಿಕ್ಕಂದಿನಿಂದ ಕೇಳುತ್ತಾ ಬಂದ ಮಾತು, "ಅದು ರಾಜ್ಯದ ಯೋಜನೆ, ನಮಗ ಬರಂಗಿಲ್ಲ." ನಾನೂ ನಂಬಿದ್ದೆ. ಆಮೇಲೆ 2006ರ ಕಂಟೋನ್ಮೆಂಟ್ ಕಾಯ್ದೆ ಓದಿದೆ. ಅದರ 10ನೇ ಕಲಮು ಹೇಳುವುದೇನೆಂದರೆ, ಅನುದಾನ ಪಡೆಯುವುದಕ್ಕೆ ಮತ್ತು ಕೇಂದ್ರದ ನೀರು ಸರಬರಾಜು, ನೈರ್ಮಲ್ಯ, ಸಾರ್ವಜನಿಕ ಆರೋಗ್ಯ, ಶಿಕ್ಷಣದಂಥ ಯೋಜನೆಗಳನ್ನು ಜಾರಿ ಮಾಡುವುದಕ್ಕೆ ಪ್ರತಿ ಕಂಟೋನ್ಮೆಂಟ್ ಬೋರ್ಡನ್ನೂ ಸಂವಿಧಾನದ ಅರ್ಥದಲ್ಲಿ ಒಂದು ಮುನಿಸಿಪಾಲಿಟಿ ಎಂದೇ ಪರಿಗಣಿಸಬೇಕು. 15ನೇ ಹಣಕಾಸು ಆಯೋಗವೂ ನಗರ ಅನುದಾನ ಹಂಚುವಾಗ ಕಂಟೋನ್ಮೆಂಟ್‌ಗಳ ಜನಸಂಖ್ಯೆ ಲೆಕ್ಕಕ್ಕೆ ಹಿಡಿಯಲು ರಾಜ್ಯಗಳಿಗೆ ಹೇಳಿದೆ. ನಾಗರಿಕ ಪ್ರದೇಶವನ್ನು ಪಾಲಿಕೆಗೆ ಸೇರಿಸುವ ಮಾತು ಕೆಲವು ವರ್ಷಗಳಿಂದ ನಡೆದಿದೆ. ಸೇರಲಿ, ಬಿಡಲಿ, ಅದು ತೀರ್ಮಾನವಾಗುವ ತನಕ ಮಳೆ ಕಾಯುವುದಿಲ್ಲ.

ಈ ಶಾಲೆಯ ಮಾಡನ್ನೇ ನೋಡಿ. ನಾನು ನಿನ್ನೆ ಸಂಜೆ ಟೇಪ್ ಹಿಡಿದು ಅಳೆದೆ, ಸಿಪಾಯಿ ಕಾಕಾ ಇನ್ನೊಂದು ತುದಿ ಹಿಡಿದರು. ಹಳೆಯ ಕಟ್ಟಡ, ಹೊಸ ಕಟ್ಟಡ ಸೇರಿ ಸುಮಾರು 500 ಚದರ ಮೀಟರ್. ನಮ್ಮಲ್ಲಿ ವರ್ಷಕ್ಕೆ 1,000 ಮಿಲಿಮೀಟರ್ ಮಳೆ ಅಂತ ಕಡಿಮೆಯೇ ಹಿಡಿದು, ಐದರಲ್ಲಿ ಒಂದು ಭಾಗ ಪೋಲು ಎಂದು ಕಳೆದರೂ 4 ಲಕ್ಷ ಲೀಟರ್. ಅದೆಲ್ಲ ಈಗ ಗಟಾರಕ್ಕೆ ಹೋಗುತ್ತಿದೆ. ಬೇಸಿಗೆಯಲ್ಲಿ ಮಕ್ಕಳು ಬಾಟಲಿಯಲ್ಲಿ ಮನೆಯಿಂದ ನೀರು ತರುತ್ತಾರೆ. ಇಂಥ ಕೆಲಸಕ್ಕೆ ಅರ್ಜಿ ಹಾಕಿದರೆ ಕ್ಯಾಂಪಿನಲ್ಲಿ ಮೊದಲು ಬರುವ ಪ್ರಶ್ನೆ "ಜಾಗ ಯಾರದು" ಎಂಬುದು. ಭೂಮಿ ರಕ್ಷಣಾ ಇಲಾಖೆಯದೇ, ಶಿಕ್ಷಣ ಇಲಾಖೆಯದೇ, ಭೋಗ್ಯವೇ, ಕಾಗದ ಎಲ್ಲಿದೆ? ನನ್ನ ಹದಿನಾಲ್ಕು ತಿಂಗಳ ಪಾಠ ಇಲ್ಲಿ ಉಪಯೋಗಕ್ಕೆ ಬರಬೇಕು. ಮೊದಲು ಆ ಕಾಗದ.

ಈಗ ಹೇಳುವ ಮಾತಿಗೆ ಕೆಲವರಿಗೆ ಬೇಸರವಾಗಬಹುದು, ದೊಡ್ಡವರು ಕ್ಷಮಿಸಬೇಕು. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಗೇಟಿಗೆ ಕಲ್ಲಿನ ಸ್ವಾಗತ ಕಮಾನು ಕಟ್ಟಿಸುವುದೆಂದು ನಮ್ಮ ಸಂಘ ನಿರ್ಧರಿಸಿದೆ. ದೇಣಿಗೆ ಕೊಟ್ಟವರಲ್ಲಿ ನಾನೂ ಒಬ್ಬ, ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಕಮಾನು ಬೇಡ ಅನ್ನುತ್ತಿಲ್ಲ. ಅದನ್ನು ಸ್ವಲ್ಪ ಗಿಡ್ಡ ಮಾಡೋಣ. ಉಳಿಯುವ ಹಣವನ್ನು ಒಂದು ಫೈಲ್ ನಿಧಿ ಎಂದು ಬೇರೆ ಇಡೋಣ. ಯಾಕೆಂದರೆ ಸರ್ಕಾರದ ಯಾವ ಯೋಜನೆಯೂ ಕೆಲಸಕ್ಕೆ ಹಣ ಕೊಡುತ್ತದೆ, ಅರ್ಜಿ ಸಿದ್ಧ ಮಾಡುವ ಖರ್ಚು ಅಷ್ಟು ಸುಲಭಕ್ಕೆ ಹುಟ್ಟುವುದಿಲ್ಲ. ಸರ್ವೇ ಮಾಡಿಸಬೇಕು, ನೀರಿನ ಪರೀಕ್ಷೆ ಮಾಡಿಸಬೇಕು, ಮಣ್ಣು ನೋಡಿಸಬೇಕು, ಎಂಜಿನಿಯರ್‌ನಿಂದ ನಕ್ಷೆ, ಅಂದಾಜು ಪತ್ರಿಕೆ ಬರೆಸಬೇಕು. ಈ ಮೊದಲ ಸಣ್ಣ ಖರ್ಚು ಯಾರ ತಲೆಪಟ್ಟಿಯಲ್ಲೂ ಇಲ್ಲದೆ ದೊಡ್ಡ ಹಣ ಹಾಗೇ ವಾಪಸ್ ಹೋಗುತ್ತದೆ. ನಮ್ಮ ಶಾಲೆಯಿಂದ ಹೋದವರಲ್ಲಿ ಸಿವಿಲ್ ಎಂಜಿನಿಯರ್ ಇದ್ದಾರೆ, ಸಿಎ ಇದ್ದಾರೆ, ತಹಶೀಲ್ದಾರ್ ಕಚೇರಿಯಲ್ಲಿ ಕೆಲಸ ಮಾಡುವವರಿದ್ದಾರೆ, ಹೆಸ್ಕಾಂನಲ್ಲಿ ಇದ್ದಾರೆ, ಸೈನ್ಯದಿಂದ ನಿವೃತ್ತರಾಗಿ ಬಂದವರಿದ್ದಾರೆ. ಒಬ್ಬೊಬ್ಬರು ವರ್ಷಕ್ಕೆ ನಾಲ್ಕು ರವಿವಾರ ಕೊಟ್ಟರೆ ಸಾಕು. ಮರಾಠಿ ಚೆನ್ನಾಗಿ ಬಲ್ಲವರು ಇನ್ನೂ ಹೆಚ್ಚು ಬೇಕು. ಖಾನಾಪುರದ ಹಳ್ಳಿಗಳಲ್ಲಿ ಗ್ರಾಮಸಭೆ ಎರಡು ಭಾಷೆಯಲ್ಲಿ ನಡೆಯುತ್ತದೆ, ನೀರಿನ ಮಾತು ಎರಡರಲ್ಲೂ ಒಂದೇ.

ಹತ್ತನೇ ಇಯತ್ತೆಯವರಿಗೂ ಕೆಲಸ ಇದೆ. ಮನೆ ಮಾಡಿನ ಮೇಲೆ ಸೋಲಾರ್ ಹಾಕುವ ಪಿಎಂ ಸೂರ್ಯಘರ್ ಯೋಜನೆಯಲ್ಲಿ, ತನ್ನ ವ್ಯಾಪ್ತಿಯ ಪ್ರತಿ ಮನೆಗೆ ಸ್ಥಳೀಯ ಸಂಸ್ಥೆಗೂ 1,000 ರೂಪಾಯಿ ಪ್ರೋತ್ಸಾಹಧನದ ಅವಕಾಶ ಇದೆ. ನಿಮ್ಮ ಓಣಿಯಲ್ಲಿ ಎಷ್ಟು ಮನೆಗೆ ಹಾಕಿದ್ದಾರೆ, ಎಣಿಸಿ ವಿಜ್ಞಾನ ಸರ್‌ಗೆ ಕೊಡಿ. ಅವರನ್ನು ಕೇಳದೆಯೇ ಹೇಳಿಬಿಟ್ಟೆ, ಸರ್ ಬೇಡ ಅನ್ನಲಿಕ್ಕಿಲ್ಲ.

ಮಾಮಾನ ಊರಿನ ಕಥೆ ಎಲ್ಲಿಗೆ ಬಂತು ಎಂದು ಹೇಳಿ ಕೂತುಕೊಳ್ಳುತ್ತೇನೆ. ಕೆರೆಯ ಆಸೆ ಬಿಟ್ಟು, ಉತಾರದಲ್ಲಿ ಗಾವಠಾಣ ಎಂದಿರುವ ಕೆಳಗಿನ ಜಾಗ ಹಿಡಿದೆವು. ಗ್ರಾಮಸಭೆಯಲ್ಲಿ ಠರಾವು ಆಯಿತು. ಮಾಮಿ ಕೋಲೂರಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ಇಂಗುಗುಂಡಿಗಳನ್ನು ಆಗಿನ ಉದ್ಯೋಗ ಖಾತ್ರಿಯಲ್ಲಿ ತೋಡಿಸಿದರು, ಬಾವಿಯ ಮರುಪೂರಣ ಮತ್ತು ಮೆಟ್ಟಿಲಿಗೆ ಕಬ್ಬಿಣದ ಕೈಹಿಡಿ ಹಣಕಾಸು ಆಯೋಗದ ನಿರ್ಬಂಧಿತ ಹಣದಲ್ಲಿ. 2024ರ ಮಳೆಗಾಲಕ್ಕೆ ಮೊದಲು ಮುಗಿಯಿತು. ಮರುವರ್ಷ ಬಾವಿಯಲ್ಲಿ ಮೇ ಎರಡನೆಯ ವಾರದ ತನಕ ನೀರಿತ್ತು. ಮೊದಲಿಗಿಂತ ಒಂದು ತಿಂಗಳು ಹೆಚ್ಚು. ಅದು ಗುಂಡಿಗಳಿಂದ ಎಷ್ಟು, ಆ ವರ್ಷದ ಒಳ್ಳೆಯ ಮಳೆಯಿಂದ ಎಷ್ಟು, ನಾನು ಆಣೆ ಮಾಡಿ ಹೇಳಲಾರೆ. ಇನ್ನೂ ಮೂರು ವರ್ಷ ಅಳೆಯಬೇಕು. ಅಳೆಯುವುದಕ್ಕೆ ಹಳೆಯ ಆ್ಯಪ್ ಅಲ್ಲ, ಹಗ್ಗಕ್ಕೆ ಗಂಟು ಹಾಕಿದ್ದೇವೆ. ವಾಟರ್‌ಮನ್ ಪ್ರತಿ ಸೋಮವಾರ ವಹಿಯಲ್ಲಿ ಬರೆಯುತ್ತಾನೆ.

ಮೇಲಿನ ಅರಣ್ಯದ ಭಾಗ ಇನ್ನೂ ಬಾಕಿ ಇದೆ. 15ನೇ ಆಯೋಗದ ಅವಧಿ 2026ರ ಮಾರ್ಚ್‌ವರೆಗೆ, 2026ರ ಏಪ್ರಿಲ್ 1ರಿಂದ 16ನೇ ಆಯೋಗದ್ದು. ಹೊಸ ನಿಯಮಗಳನ್ನು ಮೊದಲ ದಿನವೇ ಓದುವುದಕ್ಕೆ ನನ್ನ ಜೊತೆ ಕೂರುವವರು ಬೇಕು. ಊಟವಾದ ಮೇಲೆ 9ನೇ ಇಯತ್ತೆಯ ‘ಬ’ ವರ್ಗದ ಕೋಣೆಯಲ್ಲಿ ನಾನು ಇರುತ್ತೇನೆ. ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇನೆ, ಹೆಸರು ಮತ್ತು ಬಿಡುವಿರುವ ರವಿವಾರ ಬರೆಯಿರಿ. ಈ ಶಾಲೆಯ ಜಾಗದ ಹಳೆಯ ಕಾಗದ ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ, ನಮ್ಮ ನಿವೃತ್ತ ಗುಮಾಸ್ತರಿಗೆ ನೆನಪಿದ್ದರೆ, ದಯವಿಟ್ಟು ಮೊದಲು ಅದನ್ನು ಹೇಳಿ.